ವಿಂಡೋ ಇರುವ ಪ್ರೋಗ್ರಾಂ ಬರೆಯಲು ಯಾವ ಭಾಷೆ, ಯಾವ ಟೂಲ್‌ಕಿಟ್?

ಪ್ರಶ್ನೆ: ನಾನು ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಳತೆಯ ಉಪಕರಣಗಳು ಸೀರಿಯಲ್ ಪೋರ್ಟ್ ಮೂಲಕ ಕಳುಹಿಸುವ ಅಂಕಿಗಳನ್ನು ಓದಿ ಕಡತಕ್ಕೆ ಬರೆಯುವ ಪೈಥಾನ್ ಸ್ಕ್ರಿಪ್ಟ್‌ಗಳನ್ನು ನಾನೇ ಬರೆದುಕೊಂಡಿದ್ದೇನೆ. ಕಾಲೇಜಿನಲ್ಲಿ ಸ್ವಲ್ಪ ಸಿ ಕಲಿತಿದ್ದೆ. ಈಗ ಕಮಾಂಡ್ ಲೈನ್ ಅಭ್ಯಾಸವಿಲ್ಲದ ಸಹೋದ್ಯೋಗಿಗಳೂ ಬಳಸುವಂತೆ ಬಟನ್, ಪಟ್ಟಿ, ಗ್ರಾಫ್ ಇರುವ ಒಂದು ಪ್ರೋಗ್ರಾಂ ಬೇಕಾಗಿದೆ. ಅದು ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯಬೇಕು. ಕೇಳಿದವರಲ್ಲಿ ಒಬ್ಬರು ಸಿ++ ಎಂದರು, ಒಬ್ಬರು ಜಾವಾ, ಒಬ್ಬರು ಸಿ ಶಾರ್ಪ್, ವಯಸ್ಸಿನಲ್ಲಿ ಕಿರಿಯರೆಲ್ಲ ಜಾವಾಸ್ಕ್ರಿಪ್ಟ್. ಜಿಯುಐ (ವಿಂಡೋ, ಬಟನ್‌ಗಳಿರುವ ಚಿತ್ರಾತ್ಮಕ ಮುಖ) ಬರೆಯಲು ಯಾವ ಭಾಷೆ ಒಳ್ಳೆಯದು? ಹೊಸ ಭಾಷೆ ಕಲಿಯಲು ಆರು ತಿಂಗಳು ಕೊಡಲು ನಾನು ಸಿದ್ಧನಿದ್ದೇನೆ.

ಉತ್ತರ: ಪೈಥಾನ್ ಬಿಡಬೇಡಿ. ಟೂಲ್‌ಕಿಟ್ (ವಿಂಡೋ, ಬಟನ್, ಪಟ್ಟಿಗಳನ್ನು ಸಿದ್ಧವಾಗಿ ಕೊಡುವ ಲೈಬ್ರರಿ) ಆಗಿ ಕ್ಯೂಟ್ ತೆಗೆದುಕೊಳ್ಳಿ; ಪೈಥಾನ್‌ನಿಂದ ಅದನ್ನು ಬಳಸಲು ಪೈಸೈಡ್6 ಎಂಬ ಲೈಬ್ರರಿ ಇದೆ, ಅದರಲ್ಲಿ ಕ್ಯೂಟ್ ವಿಜೆಟ್ಸ್ ಎಂಬ ಭಾಗವನ್ನಷ್ಟೇ ಮೊದಲು ಕಲಿಯಿರಿ. ನೀವು ಎತ್ತಿಟ್ಟಿರುವ ಆರು ತಿಂಗಳಲ್ಲಿ ಹೊಸ ಭಾಷೆಗೆ ಒಂದು ದಿನವನ್ನೂ ಕೊಡಬೇಕಾಗಿಲ್ಲ. ಆ ಕಾಲ ಬೇಕಾಗುವುದು ಬೇರೊಂದು ಸಂಗತಿಗೆ, ಅದನ್ನು ಮುಂದೆ ವಿವರಿಸುತ್ತೇನೆ.

ನಿಮ್ಮ ಪ್ರಶ್ನೆ ಭಾಷೆಯಿಂದ ಶುರುವಾಗಿದೆ, ಬಹುಪಾಲು ಜನ ಹೀಗೆಯೇ ಕೇಳುತ್ತಾರೆ. ಆದರೆ ಜಿಯುಐ ಕೆಲಸದಲ್ಲಿ ನಿಮ್ಮ ದಿನಗಳು ಕಳೆಯುವುದು ಭಾಷೆಯೊಡನೆ ಅಲ್ಲ, ಟೂಲ್‌ಕಿಟ್‌ನೊಡನೆ. ಫಾರ್ ಲೂಪ್ ಬರೆಯುವ ಬಗೆ ಭಾಷೆಯಿಂದ ಭಾಷೆಗೆ ಸ್ವಲ್ಪ ಬದಲಾಗುತ್ತದೆ, ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಒಂದು ಪಟ್ಟಿಯ ಕಾಲಂ ಅಗಲ ಹೇಗೆ ಹಿಗ್ಗಬೇಕು, ವಿಂಡೋ ಮುಚ್ಚುವಾಗ ಉಳಿಸದ ದತ್ತಾಂಶವನ್ನು ಹೇಗೆ ತಡೆದು ಕೇಳಬೇಕು, ಕೀಲಿಮಣೆಯ ಫೋಕಸ್ ಯಾವ ವಿಜೆಟ್‌ಗೆ (ಬಟನ್, ಪೆಟ್ಟಿಗೆಯಂಥ ಬಿಡಿ ಭಾಗಕ್ಕೆ) ಹೋಗಬೇಕು ಎಂಬಂಥ ನೂರಾರು ಸಣ್ಣ ಸಂಗತಿಗಳು ಮಾತ್ರ ಟೂಲ್‌ಕಿಟ್‌ನಿಂದ ಟೂಲ್‌ಕಿಟ್‌ಗೆ ಪೂರ್ತಿ ಬೇರೆ. ಟೂಲ್‌ಕಿಟ್‌ಗಳು ತಾವು ಹುಟ್ಟಿದ ಭಾಷೆಯಲ್ಲೇ ಉಳಿದೂ ಇಲ್ಲ. ಜಾನ್ ಔಸ್ಟರ್‌ಹೌಟ್ ಅವರು ಬರ್ಕ್ಲಿಯಲ್ಲಿ ಟಿಕಲ್ ಭಾಷೆಗೆಂದು ರೂಪಿಸಿ 1991ರಲ್ಲಿ ಹೊರತಂದ ಟಿಕೆ ಟೂಲ್‌ಕಿಟ್ ಇಂದು ಅನೇಕರಿಗೆ ಪರಿಚಯವಾಗುವುದು ಪೈಥಾನ್‌ನ ಟಿಕಿಂಟರ್ ಮೂಲಕ. ಅದರ ಬೆನ್ನಿಗೆ ಟಿಕಲ್ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಸಿ ಭಾಷೆಯಲ್ಲಿ ಬರೆದ ಜಿಟಿಕೆಯನ್ನು ಪೈಥಾನ್, ರಸ್ಟ್, ಜಾವಾಸ್ಕ್ರಿಪ್ಟ್‌ಗಳಿಂದಲೂ ಬಳಸಬಹುದು. ಹಾವಾರ್ಡ್ ನೋರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ 1991ರಲ್ಲಿ ಬರೆಯತೊಡಗಿ 1995ರಲ್ಲಿ ಮೊದಲ ಬಾರಿ ಹೊರತಂದ ಕ್ಯೂಟ್ ಸಿ++ನದು, ಆದರೆ ಪೈಸೈಡ್‌ನಲ್ಲಿ ಅದೇ ಕ್ಲಾಸುಗಳು ಅದೇ ಹೆಸರಿನಲ್ಲಿ ಸಿಗುತ್ತವೆ. ಹೀಗಿರುವಾಗ ಕೇಳಬೇಕಾದ ಕ್ರಮ ಇದು: ಪ್ರೋಗ್ರಾಂ ಎಲ್ಲೆಲ್ಲಿ ನಡೆಯಬೇಕು, ಅದರ ಅತಿ ಕಷ್ಟದ ಪರದೆ ಯಾವುದು, ಆ ಪರದೆಯನ್ನು ಯಾವ ಟೂಲ್‌ಕಿಟ್ ಚೆನ್ನಾಗಿ ಕಟ್ಟಿಕೊಡುತ್ತದೆ, ಕೊನೆಗೆ ಆ ಟೂಲ್‌ಕಿಟ್ಟನ್ನು ನನಗೆ ಬರುವ ಭಾಷೆಯಿಂದ ಬಳಸಬಹುದೇ.

ಪೈಥಾನ್ ನಿಧಾನವಲ್ಲವೇ ಎಂಬ ಆತಂಕ ಸಹಜ. ನೀವು ಬಟನ್ ಒತ್ತಿದಾಗ ಅದು ಒಳಗೆ ಹೋದಂತೆ ಕಾಣುವುದು, ಪಟ್ಟಿ ಉರುಳುವುದು, ಅಕ್ಷರಗಳು ಮೂಡುವುದು ಇವೆಲ್ಲ ಕ್ಯೂಟ್‌ನ ಒಳಗೆ, ಕಂಪೈಲ್ ಆದ ಸಿ++ನಲ್ಲಿ ನಡೆಯುತ್ತವೆ. ‘ಈ ಬಟನ್ ಒತ್ತಿದರೆ ಏನು ಮಾಡಬೇಕು’ ಎಂದು ಕೇಳುವ ಹೊತ್ತಿಗೆ ಮಾತ್ರ ಪೈಥಾನ್‌ನ ಸರದಿ ಬರುತ್ತದೆ. ಒಬ್ಬ ಮನುಷ್ಯ ಸೆಕೆಂಡಿಗೆ ಎಷ್ಟು ಬಾರಿ ಒತ್ತಿಯಾನು! ಪೈಥಾನ್‌ನ ನಿಧಾನ ನಿಜವಾಗಿ ತಾಗುವ ಜಾಗಗಳು ಬೇರೆ ಇವೆ. ಸಾವಿರಾರು ಬಿಂದುಗಳನ್ನು ಪೈಥಾನ್ ಲೂಪಿನಲ್ಲಿ ಒಂದೊಂದಾಗಿ ಬಿಡಿಸಲು ಹೋದರೆ ಅದು ತಾಗುತ್ತದೆ. ಅದಕ್ಕೆ ಪೈಕ್ಯೂಟಿಗ್ರಾಫ್ ಎಂಬ ಲೈಬ್ರರಿ ಇದೆ, ಅಂಕಿಗಳನ್ನು ನಂಪೈ ಲೈಬ್ರರಿಯ ಅರೇ (ಅಂಕಿಗಳ ಸಾಲು) ಆಗಿ ಒಟ್ಟಿಗೆ ಕೊಟ್ಟರೆ ಸಾಕು, ಬಿಡಿಸುವ ಭಾರ ಅದರದು. ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಕ್ಯೂಟ್ ವಿಂಡೋದೊಳಗೆ ಕೂರುತ್ತದೆ, ಆದರೆ ಅದು ಮುದ್ರಣಕ್ಕೆ ಯೋಗ್ಯವಾದ ಅಚ್ಚುಕಟ್ಟು ಚಿತ್ರಕ್ಕೆ ಮಾಡಿದ್ದು, ಕ್ಷಣಕ್ಷಣಕ್ಕೂ ಓಡುವ ಗ್ರಾಫಿಗೆ ಅಲ್ಲ.

ಇನ್ನು ಆ ಆರು ತಿಂಗಳ ಮಾತು. ಅದು ಬೇಕಾಗುವುದು ಯೋಚಿಸುವ ಕ್ರಮವನ್ನೇ ಬದಲಿಸಿಕೊಳ್ಳಲು. ಇಲ್ಲಿಯವರೆಗೆ ನೀವು ಬರೆದ ಸ್ಕ್ರಿಪ್ಟ್‌ಗಳಲ್ಲಿ ಹರಿವು ನಿಮ್ಮ ಕೈಯಲ್ಲಿತ್ತು: ಪೋರ್ಟ್ ತೆರೆ, ಓದು, ಲೆಕ್ಕ ಮಾಡು, ಬರೆ, ಮುಗಿಸು. ವಿಂಡೋ ಇರುವ ಪ್ರೋಗ್ರಾಂನಲ್ಲಿ ಆ ಹರಿವನ್ನು ನೀವು ಬಿಟ್ಟುಕೊಡುತ್ತೀರಿ. ವಿಂಡೋ ಕಟ್ಟಿ, ಯಾವ ಘಟನೆಗೆ ಯಾವ ಫಂಕ್ಷನ್ ಎಂದು ಜೋಡಿಸಿ, ಕೊನೆಗೆ ಒಂದು ಸಾಲಿನಲ್ಲಿ ಟೂಲ್‌ಕಿಟ್‌ನ ಈವೆಂಟ್ ಲೂಪನ್ನು ಚಾಲೂ ಮಾಡುತ್ತೀರಿ. ಪ್ರೋಗ್ರಾಂ ಮುಚ್ಚುವ ತನಕ ಆ ಸಾಲಿನಿಂದ ಹೊರಗೆ ಬರುವುದೇ ಇಲ್ಲ. ಆ ಲೂಪ್ ಮಾಡುವ ಕೆಲಸ ಸರಳ: ಕಾರ್ಯವ್ಯವಸ್ಥೆ ಸಾಲಿಗೆ ಸೇರಿಸಿದ ಘಟನೆಗಳನ್ನು (ಮೌಸ್ ಸರಿಯಿತು, ಕೀಲಿ ಒತ್ತಲಾಯಿತು, ವಿಂಡೋದ ಈ ಭಾಗವನ್ನು ಮತ್ತೆ ಬಿಡಿಸಬೇಕು) ಒಂದೊಂದಾಗಿ ತೆಗೆದು ಸಂಬಂಧಪಟ್ಟ ಫಂಕ್ಷನ್ನನ್ನು ಕರೆಯುತ್ತದೆ. ನಿಮ್ಮ ಫಂಕ್ಷನ್ ಮರಳಿದ ಮೇಲೆಯೇ ಅದು ಮುಂದಿನ ಘಟನೆಯನ್ನು ಮುಟ್ಟುತ್ತದೆ. ಆದ್ದರಿಂದ ನಿಮ್ಮ ಫಂಕ್ಷನ್ ಸೀರಿಯಲ್ ಪೋರ್ಟ್‌ನಲ್ಲಿ ಅಂಕಿ ಬರಲೆಂದು ಮೂರು ಸೆಕೆಂಡು ಕಾದು ಕುಳಿತರೆ, ಆ ಮೂರು ಸೆಕೆಂಡು ಇಡೀ ವಿಂಡೋ ಕಲ್ಲಾಗುತ್ತದೆ: ಬಟನ್ ಒತ್ತಿದರೆ ಒತ್ತಿದಂತೆ ಕಾಣುವುದಿಲ್ಲ, ಸರಿಸಿದರೆ ಹಿಂದಿನ ಚಿತ್ರದ ಚೂರುಗಳು ಉಳಿಯಬಹುದು, ಕಾರ್ಯವ್ಯವಸ್ಥೆ ‘ಪ್ರತಿಕ್ರಿಯೆ ಇಲ್ಲ’ ಎಂದು ತಲೆಪಟ್ಟಿಯಲ್ಲಿ ಸಾರುತ್ತದೆ.

ಎಷ್ಟು ಹೊತ್ತು ತಡೆಯಬಹುದು ಎಂಬುದಕ್ಕೆ ಲೆಕ್ಕವಿದೆ. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಸುಮಾರು 16.7 ಮಿಲಿಸೆಕೆಂಡು. ಬಳಕೆ ಸುಲಭತೆಯ ತಜ್ಞ ಯಾಕಬ್ ನೀಲ್ಸನ್ 1993ರಲ್ಲಿ ವಿವರಿಸಿದ ಮಿತಿಗಳು ಇಂದಿಗೂ ಸರಿಯಾಗಿವೆ: 0.1 ಸೆಕೆಂಡಿನೊಳಗೆ ಆದದ್ದು ತತ್‌ಕ್ಷಣ ಆದಂತೆ ಅನಿಸುತ್ತದೆ, 1 ಸೆಕೆಂಡಿನವರೆಗೆ ಬಳಕೆದಾರರ ಯೋಚನೆಯ ಎಳೆ ತುಂಡಾಗುವುದಿಲ್ಲ, 10 ಸೆಕೆಂಡು ಮೀರಿದರೆ ಅವರ ಗಮನ ಬೇರೆಡೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಈ ಪಾಠ ಕಲಿಸಿದ್ದು ಪುಸ್ತಕವಲ್ಲ. ಹಲವು ವರ್ಷಗಳ ಹಿಂದೆ ಜಾವಾದ ಸ್ವಿಂಗ್ ಟೂಲ್‌ಕಿಟ್‌ನಲ್ಲಿ ಬರೆದ ಒಂದು ಪ್ರೋಗ್ರಾಂನಲ್ಲಿ ಕಡತವನ್ನು ಓದಿ ಡೇಟಾಬೇಸಿಗೆ ಸೇರಿಸುವ ಕೆಲಸವನ್ನು ನಾನು ಬಟನ್‌ನ ಫಂಕ್ಷನ್ ಒಳಗೇ ಇಟ್ಟಿದ್ದೆ. ನನ್ನ ಪರೀಕ್ಷೆಯ ಕಡತಗಳು ಸಣ್ಣವು, ಎಲ್ಲವೂ ಸರಿಯಾಗಿಯೇ ಇತ್ತು. ಬಳಸಿದವರ ಕಡತ ದೊಡ್ಡದು. ಒತ್ತಿದರು, ಏನೂ ಆಗಲಿಲ್ಲ, ಮತ್ತೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಮೂರೂ ಒತ್ತುಗಳು ಸಾಲಿನಲ್ಲಿ ಶಿಸ್ತಾಗಿ ಕಾದು ನಿಂತಿದ್ದವು, ಮೂರೂ ಬಾರಿ ಅದೇ ದಾಖಲೆಗಳು ಸೇರಿದವು. ತಪ್ಪು ಅವರದಲ್ಲ.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಹೊತ್ತು ಹಿಡಿಯುವ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಇನ್ನೊಂದು ಎಳೆಗೆ ಕೊಡಿ. ಆದರೆ ಅದಕ್ಕೆ ಅಂಟಿಕೊಂಡೇ ಬರುವ ಒಂದು ನಿಯಮವನ್ನು ಹೊಸಬರು ಮುರಿಯುತ್ತಾರೆ. ವಿಜೆಟ್‌ಗಳನ್ನು ಈವೆಂಟ್ ಲೂಪ್ ನಡೆಯುವ ಮುಖ್ಯ ಥ್ರೆಡ್ ಬಿಟ್ಟು ಬೇರೆ ಯಾವ ಥ್ರೆಡ್‌ನಿಂದಲೂ ಮುಟ್ಟಬಾರದು. ಕ್ಯೂಟ್, ಸ್ವಿಂಗ್, ವಿಂಡೋಸ್‌ನ ಡಬ್ಲ್ಯುಪಿಎಫ್, ಮ್ಯಾಕ್‌ನ ಆಪ್‌ಕಿಟ್, ಜಿಟಿಕೆ ಎಲ್ಲಕ್ಕೂ ಇದೇ ನಿಯಮ. ಇದು ಯಾರದೋ ಸೋಮಾರಿತನವಲ್ಲ. ಘಟನೆಗಳು ಕಾರ್ಯವ್ಯವಸ್ಥೆಯಿಂದ ಟೂಲ್‌ಕಿಟ್ ಮೂಲಕ ನಿಮ್ಮ ಕೋಡಿನತ್ತ ಬರುತ್ತವೆ, ನಿಮ್ಮ ಆದೇಶಗಳು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುತ್ತವೆ. ಎರಡೂ ದಿಕ್ಕಿನವರು ದಾರಿಯುದ್ದಕ್ಕೂ ಲಾಕ್ (‘ನಾನು ಮುಗಿಸುವವರೆಗೆ ಬೇರೆಯವರು ಮುಟ್ಟಬೇಡಿ’ ಎಂಬ ಬೀಗ) ಹಾಕುತ್ತಾ ಹೊರಟರೆ ನಡುವೆ ಎದುರಾಗಿ, ‘ನೀನು ಬಿಡು’ ಎಂದು ಇಬ್ಬರೂ ಕಾದು ನಿಲ್ಲುತ್ತಾರೆ. ಇದು ಡೆಡ್‌ಲಾಕ್. ಹಲವು ಥ್ರೆಡ್‌ಗಳಿಂದ ಮುಟ್ಟಬಹುದಾದ ಟೂಲ್‌ಕಿಟ್ ಮಾಡುವ ಪ್ರಯತ್ನಗಳು ಈ ಕಾರಣಕ್ಕೇ ಕೈಬಿಟ್ಟುಹೋದವು. ನಿಯಮ ಮುರಿದರೆ ಆಗುವ ಕೆಟ್ಟ ಸಂಗತಿಯೆಂದರೆ ಪ್ರೋಗ್ರಾಂ ಕೂಡಲೇ ಬೀಳುವುದಿಲ್ಲ. ನಿಮ್ಮ ಯಂತ್ರದಲ್ಲಿ ವಾರಗಟ್ಟಲೆ ನಡೆದು, ಬೇರೊಬ್ಬರ ಯಂತ್ರದಲ್ಲಿ ಕಾರಣವೇ ತಿಳಿಯದಂತೆ ಸಾಯುತ್ತದೆ.

ಕ್ಯೂಟ್‌ನ ಸಿಗ್ನಲ್ ಮತ್ತು ಸ್ಲಾಟ್ ವ್ಯವಸ್ಥೆ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಒಂದು ಆಬ್ಜೆಕ್ಟ್ ‘ನನ್ನಲ್ಲಿ ಇಂಥದ್ದು ನಡೆಯಿತು’ ಎಂದು ಸಿಗ್ನಲ್ ಹೊರಡಿಸುತ್ತದೆ, ಅದಕ್ಕೆ ಜೋಡಿಸಿದ ಫಂಕ್ಷನ್ ಅಂದರೆ ಸ್ಲಾಟ್ ನಡೆಯುತ್ತದೆ. ಹೊರಡಿಸುವವರೂ ಕೇಳುವವರೂ ಬೇರೆ ಬೇರೆ ಥ್ರೆಡ್‌ಗೆ ಸೇರಿದ್ದರೆ ಕ್ಯೂಟ್ ಆ ಸಿಗ್ನಲ್ಲನ್ನು ಒಂದು ಘಟನೆಯನ್ನಾಗಿ ಮಾಡಿ ಕೇಳುವವರ ಸಾಲಿಗೆ ಹಾಕುತ್ತದೆ, ಹೀಗಾಗಿ ಓದುವ ಥ್ರೆಡ್ ಹೊರಡಿಸಿದ ಅಂಕಿ ವಿಂಡೋ ತಲುಪುವುದು ಮುಖ್ಯ ಥ್ರೆಡ್‌ನಲ್ಲೇ. ಸಿಗ್ನಲ್ಲನ್ನು ಬಿಡಿ ಫಂಕ್ಷನ್ನಿಗೋ ಲ್ಯಾಂಬ್ಡಾಕ್ಕೋ ಅಲ್ಲ, ವಿಂಡೋ ಆಬ್ಜೆಕ್ಟಿನ ಮೆಥಡ್‌ಗೇ ಜೋಡಿಸುವ ಅಭ್ಯಾಸ ಇಟ್ಟುಕೊಳ್ಳಿ. ಯಾವ ಥ್ರೆಡ್‌ಗೆ ಸೇರಿದ್ದು ಎಂದು ಕ್ಯೂಟ್‌ಗೆ ತಿಳಿಯುವುದು ಆಬ್ಜೆಕ್ಟಿನಿಂದ. ನಿಮ್ಮ ಉಪಕರಣ ಸೆಕೆಂಡಿಗೆ ಸಾವಿರ ಅಂಕಿ ಕಳುಹಿಸುವಂಥದ್ದಾದರೆ ಒಂದೊಂದು ಅಂಕಿಗೂ ಸಿಗ್ನಲ್ ಹೊರಡಿಸಬೇಡಿ. ಮುಖ್ಯ ಥ್ರೆಡ್‌ನ ಸಾಲು ತುಂಬಿ, ಬಿಡಿಸುವ ಘಟನೆಗಳಿಗೆ ಸರದಿ ಸಿಗದೆ ಹೋಗುತ್ತದೆ. ಓದುವ ಥ್ರೆಡ್ ಅಂಕಿಗಳನ್ನು ಒಂದು ಕ್ಯೂನಲ್ಲಿ ಸೇರಿಸುತ್ತಾ ಹೋಗಲಿ, ವಿಂಡೋ ಒಂದು ಟೈಮರ್ ಇಟ್ಟುಕೊಂಡು 50 ಮಿಲಿಸೆಕೆಂಡಿಗೊಮ್ಮೆ ಸೇರಿದ್ದನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಗ್ರಾಫನ್ನು ಒಮ್ಮೆ ಬಿಡಿಸಲಿ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೀರಿಯಲ್ ಪೋರ್ಟ್‌ಗಾಗಿ ಇರುವ ಪೈಥಾನ್ ಲೈಬ್ರರಿ ಪೈಸೀರಿಯಲ್‌ನ ಓದುವ ಕರೆಗೆ ಟೈಮ್‌ಔಟ್ (ಕಾಯುವ ಹೊತ್ತಿನ ಮಿತಿ) ಕೊಡುವುದನ್ನೂ ಮರೆಯಬೇಡಿ. ಕೊಡದಿದ್ದರೆ, ಉಪಕರಣ ಸುಮ್ಮನಾದಾಗ ಆ ಥ್ರೆಡ್ ಎಂದೂ ಮರಳದೆ, ವಿಂಡೋ ಮುಚ್ಚಿದರೂ ಪ್ರೋಗ್ರಾಂ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ಅಡ್ಡದಾರಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಉದ್ದನೆಯ ಲೂಪಿನ ನಡುನಡುವೆ ‘ಕಾದಿರುವ ಘಟನೆಗಳನ್ನು ಈಗ ನಿಭಾಯಿಸು’ ಎಂದು ಹೇಳುವ ಪ್ರೊಸೆಸ್‌ಈವೆಂಟ್ಸ್ ಎಂಬ ಕರೆ ಕ್ಯೂಟ್‌ನಲ್ಲಿದೆ, ಟಿಕಿಂಟರ್‌ನಲ್ಲಿ ಅದರ ಹೆಸರು ಅಪ್‌ಡೇಟ್. ಒಂದು ಸಾಲು ಸೇರಿಸಿದರೆ ವಿಂಡೋ ಮತ್ತೆ ಜೀವ ತಳೆಯುತ್ತದೆ, ಆದರೆ ನಿಮ್ಮ ಫಂಕ್ಷನ್ ಅರ್ಧದಲ್ಲಿರುವಾಗಲೇ ಬಳಕೆದಾರರು ಅದೇ ಬಟನ್ ಮತ್ತೆ ಒತ್ತಬಹುದು, ಅಥವಾ ವಿಂಡೋವನ್ನೇ ಮುಚ್ಚಬಹುದು. ಆಗ ಅದೇ ಫಂಕ್ಷನ್ ತನ್ನ ಹೊಟ್ಟೆಯೊಳಗೇ ಮತ್ತೆ ಶುರುವಾಗುತ್ತದೆ. ಬೇಡ.

ಈಗ ಕಷ್ಟದ ಪರದೆಯ ವಿಚಾರ. ಬಟನ್, ಲೇಬಲ್, ಒಂದು ಸಾಲಿನ ಪೆಟ್ಟಿಗೆ ಇವು ಎಲ್ಲ ಟೂಲ್‌ಕಿಟ್‌ಗಳಲ್ಲೂ ಇವೆ, ಎಲ್ಲದರಲ್ಲೂ ಸರಿಯಾಗಿಯೇ ಇವೆ. ಹೋಲಿಕೆಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಟೂಲ್‌ಕಿಟ್‌ನ ಯೋಗ್ಯತೆ ಗೊತ್ತಾಗುವುದು ದೊಡ್ಡ ಕೋಷ್ಟಕದಲ್ಲಿ, ಮರದಂತೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ, ದೀರ್ಘ ಪಠ್ಯ ತಿದ್ದುವಲ್ಲಿ. ನಿಮ್ಮ ಪ್ರೋಗ್ರಾಂನಲ್ಲಿ ಅದು ಅಳತೆಗಳ ಕೋಷ್ಟಕ. ಟಿಕಿಂಟರ್‌ನಲ್ಲಿ ಇದಕ್ಕಿರುವುದು ಟ್ರೀವ್ಯೂ: ಪ್ರತಿ ಸಾಲನ್ನೂ ನೀವೇ ಒಳಗೆ ತುಂಬಬೇಕು, ಕೋಶದಲ್ಲೇ ಕುಳಿತು ತಿದ್ದುವ ಸೌಕರ್ಯವನ್ನು ನೀವೇ ಕಟ್ಟಿಕೊಳ್ಳಬೇಕು. ಕೆಲವು ನೂರು ಸಾಲಿಗೆ ಏನೂ ತೊಂದರೆಯಿಲ್ಲ, ಲಕ್ಷ ಸಾಲಿಗೆ ತೊಂದರೆಯಿದೆ. ಕ್ಯೂಟ್‌ನ ಟೇಬಲ್‌ವ್ಯೂ ದತ್ತಾಂಶವನ್ನು ತನ್ನೊಳಗೆ ಇಟ್ಟುಕೊಳ್ಳುವುದೇ ಇಲ್ಲ, ‘ಎಷ್ಟು ಸಾಲು?’, ‘ಹನ್ನೆರಡನೆಯ ಸಾಲಿನ ಮೂರನೆಯ ಕಾಲಂನಲ್ಲಿ ಏನಿದೆ?’ ಎಂದು ನೀವು ಬರೆದ ಮಾಡೆಲ್ ಕ್ಲಾಸನ್ನು ಕೇಳುತ್ತದೆ, ಅದೂ ಪರದೆಯ ಮೇಲೆ ಕಾಣುವ ಕೋಶಗಳಿಗೆ ಮಾತ್ರ. ಲಕ್ಷ ಸಾಲಿದ್ದರೂ ಕಾಣುವುದು ನಲವತ್ತೇ ಆದರೆ ಕೇಳುವುದೂ ನಲವತ್ತರ ಬಗ್ಗೆಯೇ. ದತ್ತಾಂಶವನ್ನೂ ಅದರ ತೋರಿಕೆಯನ್ನೂ ಬೇರ್ಪಡಿಸುವ ಈ ಉಪಾಯ ಹೊಸತೇನಲ್ಲ. ಟ್ರಿಗ್ವೆ ರೀನ್ಸ್‌ಕಾಗ್ ಅವರು 1979ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಸ್ಮಾಲ್‌ಟಾಕ್ ಭಾಷೆಯ ಮೇಲೆ ಕೆಲಸ ಮಾಡುವಾಗ ರೂಪಿಸಿದ ಮಾಡೆಲ್-ವ್ಯೂ-ಕಂಟ್ರೋಲರ್ ವಿಚಾರದ ವಂಶ ಇದು. ಕ್ಯೂಟ್‌ನಲ್ಲಿ ಟೇಬಲ್‌ವಿಜೆಟ್ ಎಂಬ ಸುಲಭದ ತಮ್ಮನೂ ಇದ್ದಾನೆ, ಒಂದೊಂದು ಕೋಶಕ್ಕೂ ಒಂದೊಂದು ಆಬ್ಜೆಕ್ಟ್ ಬೇಡುವವನು. ಮೊದಲ ದಿನ ಅವನು ಹಿತವೆನಿಸುತ್ತಾನೆ. ನೀವು ನೇರವಾಗಿ ಮಾಡೆಲ್ ಬರೆಯುವುದನ್ನೇ ಕಲಿಯಿರಿ, ಆ ಒಂದು ವಾರದ ಗೊಂದಲಕ್ಕೆ ಮುಂದೆ ಫಲವಿದೆ.

ಟೂಲ್‌ಕಿಟ್‌ಗಳ ನಡುವಿನ ಇನ್ನೊಂದು ಭೇದ, ವಿಜೆಟ್ಟನ್ನು ಯಾರು ಬಿಡಿಸುತ್ತಾರೆ ಎಂಬುದು. 1992ರಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಆರಂಭಿಸಿದ ಡಬ್ಲ್ಯುಎಕ್ಸ್‌ವಿಜೆಟ್ಸ್ ಬಹುಮಟ್ಟಿಗೆ ಕಾರ್ಯವ್ಯವಸ್ಥೆಯದೇ ಬಟನ್, ಅದರದೇ ಪಟ್ಟಿಯನ್ನು ಕರೆತಂದು ನಿಲ್ಲಿಸುತ್ತದೆ. ಕ್ಯೂಟ್ ವಿಜೆಟ್ಸ್ ಆಯಾ ವ್ಯವಸ್ಥೆಯ ಶೈಲಿಯನ್ನು ಅನುಕರಿಸಿ ತಾನೇ ಬಿಡಿಸುತ್ತದೆ. ಫ್ಲಟರ್ ಎಂಬ ಟೂಲ್‌ಕಿಟ್ ಅನುಕರಣೆಯ ಹಂಗನ್ನೂ ಬಿಟ್ಟು ತನ್ನ ಚಿತ್ರಶಕ್ತಿಯಿಂದಲೇ ಎಲ್ಲವನ್ನೂ ಬಿಡಿಸುತ್ತದೆ. ಎಲೆಕ್ಟ್ರಾನ್ ಇಡೀ ಬ್ರೌಸರನ್ನೇ ಹೊತ್ತು ತರುತ್ತದೆ. ವ್ಯವಸ್ಥೆಯದನ್ನೇ ಕರೆತಂದರೆ ಮನೆಯವರಂತೆ ಕಾಣುತ್ತದೆ, ಆದರೆ ಒಂದೇ ಕೋಡು ಮೂರು ವ್ಯವಸ್ಥೆಗಳಲ್ಲಿ ಮೂರು ಬಗೆಯಾಗಿ ವರ್ತಿಸಿ ನಿಮ್ಮನ್ನು ಸುಸ್ತು ಮಾಡಬಹುದು. ತಾನೇ ಬಿಡಿಸಿದರೆ ಎಲ್ಲೆಡೆ ಒಂದೇ ನಡತೆ, ಆದರೆ ವ್ಯವಸ್ಥೆ ಬಿಟ್ಟಿಯಾಗಿ ಕೊಡುತ್ತಿದ್ದ ಎಷ್ಟೋ ಸಂಗತಿಗಳನ್ನು ಟೂಲ್‌ಕಿಟ್ ತಾನೇ ಮತ್ತೆ ಕಟ್ಟಬೇಕು. ಅವುಗಳಲ್ಲಿ ಎರಡನ್ನು ಆಯ್ಕೆಗೆ ಮುಂಚೆ ಪರೀಕ್ಷಿಸಲೇಬೇಕು.

ಮೊದಲನೆಯದು, ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಮೂಲಕ ಬಳಸಬಲ್ಲರೇ ಎಂಬುದು. ವಿಂಡೋಸ್‌ನಲ್ಲಿ ಯುಐ ಆಟೊಮೇಶನ್, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಎಂಬ ವ್ಯವಸ್ಥೆಗಳಿಗೆ ಟೂಲ್‌ಕಿಟ್ ‘ಇಲ್ಲಿ ಒಂದು ಬಟನ್ ಇದೆ, ಅದರ ಹೆಸರು ಇದು’ ಎಂದು ತಿಳಿಸಬೇಕು. ಕ್ಯೂಟ್ ತಿಳಿಸುತ್ತದೆ. ಟಿಕೆ ಬಹುಕಾಲ ತಿಳಿಸುತ್ತಿರಲಿಲ್ಲ, ಆದ್ದರಿಂದಲೇ ಸಾರ್ವಜನಿಕ ಬಳಕೆಯ ಪ್ರೋಗ್ರಾಂಗೆ ಅದನ್ನು ಶಿಫಾರಸು ಮಾಡಲು ನಾನು ಹಿಂಜರಿಯುತ್ತೇನೆ. ಎರಡನೆಯದು ನಮ್ಮ ಲಿಪಿ. ಲ್ಯಾಟಿನ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಕೆಲಸ ಮುಗಿಯಿತು, ಕನ್ನಡಕ್ಕೆ ಒತ್ತಕ್ಷರ, ಅರ್ಕಾವತ್ತು, ಗುಣಿತ ಚಿಹ್ನೆಗಳನ್ನು ಸರಿಯಾದ ಜಾಗಕ್ಕೆ ಕೂರಿಸುವ ಶೇಪಿಂಗ್ ಎಂಬ ಹಂತ ಬೇಕು. ಕ್ಯೂಟ್‌ನಲ್ಲೂ ಜಿಟಿಕೆಯಲ್ಲೂ ಹಾರ್ಫ್‌ಬಝ್ ಎಂಬ ಲೈಬ್ರರಿ ಈ ಕೆಲಸ ಮಾಡುತ್ತದೆ. ಬ್ರೌಸರ್ ಆಧಾರಿತವಾದವುಗಳಲ್ಲೂ ಚಿಂತೆಯಿಲ್ಲ. ಹೊಸ, ಸಣ್ಣ ಟೂಲ್‌ಕಿಟ್‌ಗಳಲ್ಲಿ ಈ ಹಂತವೇ ಇಲ್ಲದಿರುವುದುಂಟು. ಯಾವುದನ್ನು ಪರೀಕ್ಷಿಸುವಾಗಲೂ ಒಂದು ಪೆಟ್ಟಿಗೆಯಲ್ಲಿ ‘ಸ್ತ್ರೀ’, ‘ಲಕ್ಷ್ಮಿ’, ‘ಅರ್ಕ’ ಎಂದು ಬೆರಳಚ್ಚಿಸಿ, ಕರ್ಸರನ್ನು ಒಂದೊಂದು ಹೆಜ್ಜೆ ಸರಿಸಿ, ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಐದು ನಿಮಿಷದ ಕೆಲಸ, ಹಲವು ಅಭ್ಯರ್ಥಿಗಳು ಅಲ್ಲೇ ಹೊರಬೀಳುತ್ತಾರೆ.

ನಿಮಗೆ ಸಲಹೆ ಕೊಟ್ಟವರು ಯಾರೂ ತಪ್ಪು ಹೇಳಿಲ್ಲ, ಅವರವರ ಸನ್ನಿವೇಶ ಬೇರೆ ಅಷ್ಟೆ. ಸಿ ಶಾರ್ಪ್ ಎಂದವರು ಬಹುಶಃ ವಿಂಡೋಸ್ ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದರ ಟೂಲ್‌ಕಿಟ್‌ಗಳಾದ ವಿನ್‌ಫಾರ್ಮ್ಸ್ 2002ರಿಂದ, ಡಬ್ಲ್ಯುಪಿಎಫ್ 2006ರಿಂದ ಇವೆ, ಎರಡನ್ನೂ 2018ರ ಡಿಸೆಂಬರ್‌ನಲ್ಲಿ ಮುಕ್ತ ಆಕರವಾಗಿ ಬಿಡುಗಡೆ ಮಾಡಿದರೂ ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್ ಬೇಡವಾಗಿದ್ದರೆ, ಎಳೆದು ಕೂರಿಸುವ ಡಿಸೈನರ್ ಇರುವ ವಿನ್‌ಫಾರ್ಮ್ಸ್ ನಿಮ್ಮಂಥ ಕೆಲಸಕ್ಕೆ ಬಹಳ ಒಳ್ಳೆಯ ಆಯ್ಕೆ, ಅದನ್ನು ಹಳತೆಂದು ಮೂಗು ಮುರಿಯುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಮೈಕ್ರೋಸಾಫ್ಟ್‌ನ ಹೊಸ ಟೂಲ್‌ಕಿಟ್ ಡಾಟ್‌ನೆಟ್ ಮಾವಿಗೂ (MAUI) ಲಿನಕ್ಸ್‌ನ ಅಧಿಕೃತ ಬೆಂಬಲ ಇಲ್ಲ. ಸಿ ಶಾರ್ಪ್ ಜನ ಲಿನಕ್ಸ್‌ಗೂ ಬೇಕೆಂದರೆ ಅವಲೋನಿಯಾ ಎಂಬ ಟೂಲ್‌ಕಿಟ್ ಬಳಸುತ್ತಾರೆ. ಜಾವಾದ ಸ್ವಿಂಗ್ ಎಲ್ಲೆಡೆ ನಡೆಯುತ್ತದೆ, ಅದರ ಕೋಷ್ಟಕ ಇಂದಿಗೂ ಮೆಚ್ಚುವಂಥದ್ದು, ಆದರೆ ನಿಮ್ಮಲ್ಲಿ ಜಾವಾ ಕೋಡು ಒಂದು ಸಾಲೂ ಇಲ್ಲದಿರುವಾಗ ಅಲ್ಲಿಗೆ ಹೋಗಲು ಕಾರಣ ಕಾಣುವುದಿಲ್ಲ. ಅದರ ಉತ್ತರಾಧಿಕಾರಿ ಎನಿಸಿದ್ದ ಜಾವಾಎಫ್‌ಎಕ್ಸ್ 2018ರ ಜಾವಾ 11ರಿಂದ ಮುಖ್ಯ ಕಿಟ್‌ನ ಹೊರಗಿದ್ದು ಪ್ರತ್ಯೇಕವಾಗಿ ಬೆಳೆಯುತ್ತಿದೆ.

ಜಾವಾಸ್ಕ್ರಿಪ್ಟ್ ಎಂದ ಕಿರಿಯರ ಮನಸ್ಸಿನಲ್ಲಿ ಇದ್ದದ್ದು ಎಲೆಕ್ಟ್ರಾನ್. ಆಟಂ ಎಂಬ ಎಡಿಟರಿಗಾಗಿ ಗಿಟ್‌ಹಬ್‌ನಲ್ಲಿ 2013ರಲ್ಲಿ ಹುಟ್ಟಿದ ಅದು ಕ್ರೋಮಿಯಂ ಬ್ರೌಸರನ್ನೂ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಅನ್ನೂ ಪ್ರತಿ ಪ್ರೋಗ್ರಾಂನೊಡನೆ ಕಟ್ಟಿ ಕಳುಹಿಸುತ್ತದೆ, ಹಾಗಾಗಿ ಏನನ್ನೂ ಮಾಡದ ಖಾಲಿ ವಿಂಡೋ ಕೂಡ ಡಿಸ್ಕ್‌ನಲ್ಲಿ 100 ಎಂಬಿ ಮೀರುತ್ತದೆ. ಭಾರವೆಂಬ ಅಪವಾದ ಪೂರ್ತಿ ನ್ಯಾಯವಲ್ಲ: ವಿಎಸ್ ಕೋಡ್ ಇದರಲ್ಲೇ ಬರೆದದ್ದು, ಅದನ್ನು ಕೋಟ್ಯಂತರ ಸಾಲುಗಳ ಮೇಲೆ ದಿನವಿಡೀ ಬಳಸುವವರಿದ್ದಾರೆ. ಪೈಸೈಡ್6 ಕೂಡ ಹಗುರವೇನಲ್ಲ, ಪೂರ್ತಿ ಅನುಸ್ಥಾಪಿಸಿದರೆ ನೂರಾರು ಎಂಬಿ ಹಿಡಿಯುತ್ತದೆ. ಎಲೆಕ್ಟ್ರಾನ್ ಬೇಡ ಎನ್ನಲು ನನ್ನ ಕಾರಣ ಬೇರೆ: ನಿಮಗೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಅದರ ಮೇಲೊಂದು ಫ್ರೇಮ್‌ವರ್ಕ್ ಇಷ್ಟನ್ನು ಕಲಿಯಬೇಕು, ಆಮೇಲೂ ಪೈಥಾನ್‌ನಲ್ಲಿರುವ ನಿಮ್ಮ ಅಳತೆಯ ಕೋಡಿನೊಡನೆ ಮಾತಾಡಲು ಸೇತುವೆ ಕಟ್ಟಬೇಕು. ವೆಬ್ ಬಲ್ಲ ತಂಡಕ್ಕೆ ಅದು ಸುಲಭದ ದಾರಿ, ನಿಮಗೆ ಸುತ್ತುದಾರಿ. ಟೌರಿ ಎಂಬ ರಸ್ಟ್ ಆಧಾರಿತ ಬದಲಿ, ಬ್ರೌಸರನ್ನು ಹೊರದೆ ವ್ಯವಸ್ಥೆಯಲ್ಲಿರುವ ವೆಬ್‌ವ್ಯೂ ಬಳಸುವುದರಿಂದ ಚಿಕ್ಕದು, ಆದರೆ ವಿಂಡೋಸ್‌ನಲ್ಲಿ ಒಂದು ಎಂಜಿನ್, ಲಿನಕ್ಸ್‌ನಲ್ಲಿ ಇನ್ನೊಂದು ಎಂಜಿನ್ ಎಂಬ ತಲೆನೋವು ಅದರ ಜೊತೆಗೇ ಬರುತ್ತದೆ.

ಯಾರೂ ಹೇಳದ ಒಂದು ಹೆಸರನ್ನು ನಾನೇ ಸೇರಿಸುತ್ತೇನೆ: ಲಜಾರಸ್. ಡೆಲ್ಫಿಯ ಮಾದರಿಯಲ್ಲಿ ಫ್ರೀ ಪ್ಯಾಸ್ಕಲ್ ಭಾಷೆಗಾಗಿ ಕಟ್ಟಿದ ಈ ಪರಿಸರದಲ್ಲಿ ಫಾರ್ಮ್ ಎಳೆದು ಕೂರಿಸಿ, ಕಂಪೈಲ್ ಮಾಡಿದರೆ ವಿಂಡೋಸ್‌ನಲ್ಲಿ ಒಂದೇ ಕಡತ ಹೊರಬರುತ್ತದೆ, ಅದನ್ನು ಕೊಟ್ಟರೆ ಮುಗಿಯಿತು. ನಿಮ್ಮ ಬಳಿ ಪೈಥಾನ್ ಕೋಡು ಈಗಾಗಲೇ ಇಲ್ಲದಿದ್ದರೆ ಇದನ್ನು ಗಂಭೀರವಾಗಿ ಸೂಚಿಸುತ್ತಿದ್ದೆ. ರಸ್ಟ್‌ನ ಇಗುಯಿ, ಐಸ್ಡ್, ಸ್ಲಿಂಟ್, ಗೋ ಭಾಷೆಯ ಫೈನ್ ಇವೆಲ್ಲ ಚುರುಕಾಗಿ ಬೆಳೆಯುತ್ತಿವೆ, ಆದರೆ ದೊಡ್ಡ ಕೋಷ್ಟಕದ ಮಟ್ಟಿಗೆ ಹಳಬರ ಪಕ್ವತೆ ಅವುಗಳಿಗೆ ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಿ++ ಎಂದವರ ಮಾತಿಗೆ ಸ್ವಲ್ಪ ತೂಕವಿದೆ. ಕ್ಯೂಟ್‌ನ ಮೂಲ ಭಾಷೆ ಅದೇ. ಅಂಕಿಗಳ ಮೇಲೆ ಭಾರಿ ಲೆಕ್ಕಾಚಾರವನ್ನು ಕ್ಷಣಕ್ಷಣವೂ ಮಾಡಬೇಕಾದರೆ ಅದು ಬೇಕಾಗಬಹುದು. ಆದರೆ ಕೋಡನ್ನು ಕಟ್ಟಿ ಜೋಡಿಸುವ ಸೀಮೇಕ್, ಲಿಂಕರ್‌ಗಳು, ಮೆಮೊರಿಯ ಒಡೆತನ ಇವೆಲ್ಲವನ್ನೂ ಈವೆಂಟ್ ಲೂಪಿನ ಜೊತೆಗೇ ಕಲಿಯಲು ಹೊರಟರೆ, ತಪ್ಪು ಎಲ್ಲಿದೆ ಎಂದು ಹುಡುಕುವುದೇ ಒಂದು ಉದ್ಯೋಗವಾಗುತ್ತದೆ. ಪೈಸೈಡ್‌ನಲ್ಲಿ ಕಲಿತ ಕ್ಲಾಸುಗಳು, ಸಿಗ್ನಲ್‌ಗಳು, ಲೇಔಟ್‌ಗಳು ಹೆಸರು ಸಹಿತ ಸಿ++ಗೆ ಹಾಗೆಯೇ ಸಾಗುತ್ತವೆ, ಆ ಬಾಗಿಲು ಮುಂದೆಯೂ ತೆರೆದೇ ಇರುತ್ತದೆ.

ಪರವಾನಗಿಯ ಬಗ್ಗೆ ಎರಡು ಮಾತು. ಕ್ಯೂಟನ್ನು ಪೈಥಾನ್‌ನಿಂದ ಬಳಸಲು ಎರಡು ಲೈಬ್ರರಿಗಳಿವೆ, ಕೋಡು ನೋಡಿದರೆ ಅವಳಿಗಳಂತಿವೆ. ಪೈಕ್ಯೂಟ್ ಹಳೆಯದು, ಜಿಪಿಎಲ್ (ಪ್ರೋಗ್ರಾಂ ಹಂಚಿದರೆ ಅದರ ಆಕರ ಕೋಡನ್ನೂ ಕೊಡಬೇಕೆನ್ನುವ ಪರವಾನಗಿ) ಅಥವಾ ಹಣ ಕೊಟ್ಟು ಪಡೆಯುವ ವಾಣಿಜ್ಯ ಪರವಾನಗಿ. ಪೈಸೈಡ್ ಕ್ಯೂಟ್ ಸಂಸ್ಥೆಯದೇ, ನಿಮ್ಮ ಸ್ವಂತ ಕೋಡಿನ ಮೇಲೆ ಆ ಷರತ್ತು ಹಾಕದ ಎಲ್‌ಜಿಪಿಎಲ್ ಅಡಿಯಲ್ಲಿ ಸಿಗುತ್ತದೆ. ಮುಂದೊಂದು ದಿನ ನಿಮ್ಮ ಪ್ರೋಗ್ರಾಂ ಪ್ರಯೋಗಾಲಯದ ಹೊರಗೆ ಹೋಗಿ, ಅದರ ಆಕರ ಕೋಡನ್ನು ಕೊಡಲು ನಿಮ್ಮ ಸಂಸ್ಥೆ ಒಪ್ಪದಿದ್ದರೆ ಈ ವ್ಯತ್ಯಾಸ ದೊಡ್ಡದಾಗುತ್ತದೆ, ಅದಕ್ಕೇ ಪೈಸೈಡ್ ಎಂದೆ. ಕ್ಯೂಟ್‌ನೊಳಗೂ ಕೆಲವು ಭಾಗಗಳು ಎಲ್‌ಜಿಪಿಎಲ್ ಅಲ್ಲ. ಕ್ಯೂಟ್ ಚಾರ್ಟ್ಸ್ ಜಿಪಿಎಲ್‌ನದು. ಗ್ರಾಫಿಗೆ ಪೈಕ್ಯೂಟಿಗ್ರಾಫ್ ಸೂಚಿಸಿದ್ದಕ್ಕೆ ಅದು ಉದಾರವಾದ ಎಂಐಟಿ ಪರವಾನಗಿಯದು ಎಂಬುದೂ ಒಂದು ಕಾರಣ. ಇನ್ನು ಕ್ಯೂಟ್‌ನ ಪಾಠಗಳಲ್ಲಿ ಕ್ಯೂಎಂಎಲ್ ಎಂಬ ಇನ್ನೊಂದು ದಾರಿ ಎದುರಾಗುತ್ತದೆ. ಸ್ಪರ್ಶದ ಪರದೆ, ಚಲಿಸುವ ಚಿತ್ರಗಳಿಗೆ ಅದು ಚೆನ್ನ. ಕೋಷ್ಟಕ, ಫಾರ್ಮ್‌ಗಳ ಪ್ರೋಗ್ರಾಂಗೆ ವಿಜೆಟ್ಸ್ ಸಾಕು.

ಹಂಚುವ ಹಂತವನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಮೊದಲ ವಾರವೇ ಒಂದು ಬಟನ್ ಇರುವ ಪ್ರೋಗ್ರಾಂ ಮಾಡಿ, ಪೈಥಾನ್ ಇಲ್ಲದ ಯಂತ್ರದಲ್ಲಿ ಅದು ತೆರೆಯುತ್ತದೆಯೇ ನೋಡಿ. ಪೈಥಾನ್ ಪ್ರೋಗ್ರಾಂ ಅನ್ನು ಹಂಚಲು ಕಟ್ಟಿಕೊಡುವ ಪೈಇನ್‌ಸ್ಟಾಲರ್ ಎಂಬ ಸಾಧನ ಯಾವ ವ್ಯವಸ್ಥೆಯಲ್ಲಿ ನಡೆಯುತ್ತದೋ ಆ ವ್ಯವಸ್ಥೆಗೆ ಮಾತ್ರ ಕಟ್ಟಿಕೊಡುತ್ತದೆ, ಲಿನಕ್ಸ್‌ನಲ್ಲಿ ಕುಳಿತು ವಿಂಡೋಸ್‌ನದನ್ನು ಕಟ್ಟಲಾಗದು. ಒಂದೇ ಕಡತವಾಗಿ ಕಟ್ಟುವ ಆಯ್ಕೆ ಆಕರ್ಷಕ, ಆದರೆ ಅದು ಪ್ರತಿ ಬಾರಿ ತೆರೆದಾಗಲೂ ತನ್ನನ್ನು ತಾತ್ಕಾಲಿಕ ಜಾಗದಲ್ಲಿ ಬಿಚ್ಚಿಕೊಳ್ಳುವುದರಿಂದ ತೆರೆಯುವುದು ನಿಧಾನ, ಆಂಟಿವೈರಸ್‌ಗಳಿಗೂ ಅನುಮಾನ; ಫೋಲ್ಡರ್ ಆಗಿ ಕಟ್ಟಿ. ಲಿನಕ್ಸ್‌ನಲ್ಲಿ ಕಟ್ಟುವಾಗ ನಿಮ್ಮಲ್ಲಿರುವ ಅತಿ ಹಳೆಯ ಆವೃತ್ತಿಯ ಯಂತ್ರದಲ್ಲಿ ಕಟ್ಟಿ, ಏಕೆಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಹೊಸ ಆವೃತ್ತಿಯೊಡನೆ ಕಟ್ಟಿದ್ದು ಹಳತರಲ್ಲಿ ನಡೆಯುವುದಿಲ್ಲ.

ಕೋಡನ್ನು ಮೊದಲ ದಿನದಿಂದಲೇ ಎರಡು ಭಾಗ ಮಾಡಿ. ಪೋರ್ಟ್ ಓದುವ, ಲೆಕ್ಕ ಮಾಡುವ, ಕಡತ ಬರೆಯುವ ನಿಮ್ಮ ಹಳೆಯ ಸ್ಕ್ರಿಪ್ಟ್‌ಗಳು ಒಂದು ಭಾಗ, ಅದರಲ್ಲಿ ಪೈಸೈಡ್‌ನ ಹೆಸರೂ ಸುಳಿಯಬಾರದು. ವಿಂಡೋಗಳು ಇನ್ನೊಂದು ಭಾಗ. ಉಪಕರಣದಂತೆಯೇ ಅಂಕಿ ಉಗುಳುವ ಒಂದು ಹುಸಿ ಉಪಕರಣದ ಕ್ಲಾಸ್ ಬರೆದುಕೊಂಡರೆ ಮೇಜಿನ ಮೇಲೆ ಯಂತ್ರವಿಲ್ಲದೆಯೂ ಇಡೀ ಪ್ರೋಗ್ರಾಂ ಪರೀಕ್ಷಿಸಬಹುದು. ವಿಂಡೋದ ಚಹರೆಯನ್ನು ಕ್ಯೂಟ್ ಡಿಸೈನರ್‌ನಲ್ಲಿ ಮಾಡಿಕೊಳ್ಳಿ, ಆದರೆ ವಿಜೆಟ್‌ಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೂರಿಸದೆ ಲೇಔಟ್ ಒಳಗೇ ಇಡಿ; ಇಲ್ಲವಾದರೆ ಅಕ್ಷರದ ಗಾತ್ರ ಬೇರೆ ಇರುವ ಪರದೆಯಲ್ಲಿ ಬಟನ್‌ನ ಹೆಸರು ಅರ್ಧಕ್ಕೆ ಕತ್ತರಿಸಿಹೋಗುತ್ತದೆ.

ಮೊದಲು ಬರೆಯಬೇಕಾದ ಪರದೆ ಸೆಟ್ಟಿಂಗ್ಸ್ ಅಲ್ಲ, ಲಾಗಿನ್ ಅಲ್ಲ, ಐಕಾನ್‌ಗಳಂತೂ ಅಲ್ಲವೇ ಅಲ್ಲ. ಹುಸಿ ಉಪಕರಣದಿಂದ ಥ್ರೆಡ್ ಮೂಲಕ ಬರುವ ಅಂಕಿಗಳು ಲಕ್ಷ ಸಾಲಿನ ಕೋಷ್ಟಕದಲ್ಲೂ ಓಡುವ ಗ್ರಾಫಿನಲ್ಲೂ ಕಾಣುವ ಆ ಒಂದು ಪರದೆಯನ್ನೇ ಕಟ್ಟಿ. ಮನಸ್ಸಿನಲ್ಲಿ ಅನುಮಾನ ಉಳಿದಿದ್ದರೆ ಅದೇ ಪರದೆಯನ್ನು ಟಿಕಿಂಟರ್‌ನಲ್ಲೋ ಡಬ್ಲ್ಯುಎಕ್ಸ್‌ಪೈಥಾನ್‌ನಲ್ಲೋ (ಡಬ್ಲ್ಯುಎಕ್ಸ್‌ವಿಜೆಟ್ಸ್‌ನ ಪೈಥಾನ್ ರೂಪ) ಒಂದು ವಾರ ಕಟ್ಟಿ ನೋಡಿ, ನನ್ನ ಮಾತನ್ನು ನಂಬುವ ಅಗತ್ಯವೇ ಬೀಳುವುದಿಲ್ಲ. ಅದು ನಡೆದ ಮೇಲೆ ನಿಜವಾದ ಉಪಕರಣವನ್ನು ಜೋಡಿಸಿ, ಅಂಕಿಗಳು ಹರಿಯುತ್ತಿರುವಾಗ ಕೇಬಲ್ಲನ್ನು ಕಿತ್ತುಬಿಡಿ. ವಿಂಡೋ ಸರಿಸಲು ಬರುತ್ತಿದೆಯೇ, ಅಲ್ಲಿಯವರೆಗಿನ ಅಂಕಿಗಳು ಕಡತದಲ್ಲಿ ಇವೆಯೇ, ಸಂಪರ್ಕ ತಪ್ಪಿದೆ ಎಂದು ಬಳಕೆದಾರರಿಗೆ ತಿಳಿಯುತ್ತಿದೆಯೇ, ಕೇಬಲ್ ಮತ್ತೆ ಚುಚ್ಚಿದರೆ ಪ್ರೋಗ್ರಾಂ ಮುಚ್ಚದೆಯೇ ಮುಂದುವರಿಯುತ್ತದೆಯೇ ಎಂದು ನೋಡಿಕೊಂಡು ನಂತರ ಎರಡನೆಯ ವಿಂಡೋಗೆ ಕೈ ಹಾಕಿ.